ಹಸಿರು ಮಾರ್ಗದಲ್ಲಿ ಒಂದು ಬಯಲು ಹುಡುಕುತ್ತಾ

ಸರ್ವೇ ಕ್ಯಾಂಪಿಗೆ ಮುಂಚಿನ ಭಾನುವಾರ. ಟೇಪು, ರೇಂಜಿಂಗ್ ರಾಡು ಹಿಡಿದುಕೊಂಡು ಸ್ವಲ್ಪ ಪ್ರಾಕ್ಟೀಸ್ ಮಾಡೋಣ ಅಂತ ನಾವು ನಾಲ್ವರು ಪಿಜಿಯಿಂದ ಹೊರಬಿದ್ದೆವು. ನಮ್ಮ ಪಿಜಿ ಇರುವುದು ಕನಕಪುರ ರಸ್ತೆಯ ಪಕ್ಕದ ಒಂದು ಬಡಾವಣೆಯಲ್ಲಿ. ಬೇಕಾಗಿದ್ದು ಇಷ್ಟೇ: 30 ಮೀಟರ್ ಟೇಪನ್ನು ಪೂರ್ತಿ ಬಿಚ್ಚಿ ಹಿಡಿಯುವಷ್ಟು ಒಂದು ಬಯಲು. ಒಂದೂವರೆ ಗಂಟೆ ಸುತ್ತಿದರೂ ಸಿಗಲಿಲ್ಲ. ಕಂಡ ಖಾಲಿ ಜಾಗಕ್ಕೆಲ್ಲ ತಂತಿ ಬೇಲಿ, ಬೇಲಿಗೊಂದು ಬೋರ್ಡು, ಬೋರ್ಡಿನ ಮೇಲೆ ವಕೀಲರ ಹೆಸರು. ರಸ್ತೆಯಲ್ಲೇ ಬಿಚ್ಚೋಣ ಅಂದರೆ ಹತ್ತು ಮೀಟರಿಗೊಂದು ತಿರುವು, ತಿರುವಿಗೊಂದು ನೀರಿನ ಟ್ಯಾಂಕರ್.

ಕೊನೆಗೆ ಮೆಟ್ರೊ ಹತ್ತಿ ಜಯನಗರಕ್ಕೆ ಹೋದೆವು. ಸ್ಟೇಷನ್ನಿನಿಂದ ಇಳಿದು ಐದು ನಿಮಿಷ ನಡೆದಿರಬೇಕು, ಪಾರ್ಕು ಸಿಕ್ಕಿತು. ಟೇಪು ಬಿಚ್ಚಿದ್ದೇ ತಡ, ವಾಕಿಂಗ್ ಮಾಡುತ್ತಿದ್ದ ಹಿರಿಯರೊಬ್ಬರು ಓಡೋಡಿ ಬಂದರು. "ಏನ್ರಪ್ಪಾ ಇದು? ಯಾವ ಡಿಪಾರ್ಟ್‌ಮೆಂಟು? ರೋಡ್ ವೈಡನಿಂಗಾ?" "ಇಲ್ಲ ಅಂಕಲ್, ಕಾಲೇಜು, ಪ್ರಾಕ್ಟೀಸು" ಅಂದರೂ ನಂಬಲಿಲ್ಲ. ಐಡಿ ಕಾರ್ಡು ತೋರಿಸಿದ ಮೇಲೆಯೇ ಅವರ ಮುಖ ಸಡಿಲವಾದದ್ದು. "ಟೇಪು ಕಂಡ್ರೆ ಭಯ ಕಣಪ್ಪಾ ನಮಗೆ" ಅಂತ ನಕ್ಕು ಮುಂದೆ ನಡೆದರು.

ಅದೇ ಊರು, ಅದೇ ಮೆಟ್ರೊ ಲೈನು. ಒಂದು ಕಡೆ ನಾಲ್ಕು ಬೀದಿಗೊಂದು ಪಾರ್ಕು, ಅದನ್ನು ಕಾಯಲು ಓಡಿಬರುವ ಜನ. ಇನ್ನೊಂದು ಕಡೆ ಟೇಪು ಬಿಚ್ಚಲೂ ಜಾಗ ಇಲ್ಲ. ಯಾಕೆ ಹೀಗೆ? "ಅವರು ದುಡ್ಡಿರೋರು ಬಿಡ್ರೋ" ಅನ್ನುವ ಉತ್ತರ ನಮ್ಮಲ್ಲೇ ಒಬ್ಬನಿಂದ ಬಂತು. ಆದರೆ ಅದು ಪೂರ್ತಿ ನಿಜವಲ್ಲ. ಜಯನಗರ ಹುಟ್ಟಿದಾಗ ಅಲ್ಲಿ ಸೈಟು ತಗೊಂಡವರಲ್ಲಿ ಗುಮಾಸ್ತರು, ಮೇಷ್ಟ್ರುಗಳು, ಕಾರ್ಖಾನೆಯ ನೌಕರರೂ ಇದ್ದರು. ಕಾರಣ ಹುಡುಕುತ್ತಾ ನಾವು ಇನ್ನೆರಡು ಭಾನುವಾರ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ನಿಂದ ದಕ್ಷಿಣಕ್ಕೆ ಓಡಾಡಿದೆವು. ಈ ಲೈನಿನ ಸ್ಟೇಷನ್ನುಗಳನ್ನು ಒಂದೊಂದಾಗಿ ಓದಿದರೆ ಬೆಂಗಳೂರು ಬೆಳೆದ ಕ್ರಮವೇ ಸಿಗುತ್ತದೆ.

ಮೆಜೆಸ್ಟಿಕ್‌ನಿಂದ ಶುರು ಮಾಡೋಣ. ಬಸ್ಸುಗಳು ನಿಲ್ಲುವ ಆ ಜಾಗ ಹಿಂದೆ ಧರ್ಮಾಂಬುಧಿ ಕೆರೆ. ಬತ್ತಿದ ಮೇಲೆ ಮೈದಾನವಾಯಿತು, ಆಮೇಲೆ ಬಸ್ ಸ್ಟ್ಯಾಂಡ್. ಮುಂದಿನದು ಚಿಕ್ಕಪೇಟೆ, ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆಗಳ ಹಳೇ ಊರು. ಅಲ್ಲಿಂದ ಕೆ.ಆರ್. ಮಾರ್ಕೆಟ್, ಅದೂ ಸಿದ್ದಿಕಟ್ಟೆ ಅನ್ನುವ ಕೆರೆಯ ಜಾಗವೇ. ಹಳೇ ಪೇಟೆಯಲ್ಲಿ ಪಾರ್ಕು ಅನ್ನುವ ಕಲ್ಪನೆಯೇ ಇರಲಿಲ್ಲ. ಬೀದಿ ಕಿರಿದು, ಮನೆಗೆ ಮನೆ ಅಂಟಿಕೊಂಡಿರುತ್ತಿತ್ತು. ಆದರೆ ಊರು ದಾಟಿದರೆ ನಾಲ್ಕೂ ಕಡೆ ಕೆರೆ, ತೋಟ, ತೋಪು. ಉಸಿರಾಡಲು ಜಾಗ ಊರೊಳಗೆ ಇರಲಿಲ್ಲ, ಊರಾಚೆ ಇತ್ತು.

ಆ ಕೆರೆಗಳು ಯಾಕೆ ಹೋದವು ಅನ್ನುವುದರಲ್ಲಿ ನಮ್ಮಂಥ ಎಂಜಿನಿಯರಿಂಗ್‌ನವರು ಗಮನಿಸಬೇಕಾದ ವಿಷಯ ಇದೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಕುಡಿಯುವ ನೀರು ದೂರದಿಂದ ಬರತೊಡಗಿದ ಮೇಲೆ ಮನೆ ಪಕ್ಕದ ಕೆರೆ ಯಾರಿಗೂ ಬೇಡವಾಯಿತು. ಬೇಡವಾದ ಕೆರೆ ಅಂದರೆ ಸರ್ಕಾರದ ಕೈಯಲ್ಲಿರುವ, ಸಮತಟ್ಟಾದ, ಪರಿಹಾರ ಕೊಡಬೇಕಾಗಿಲ್ಲದ ನೆಲ. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು, ಶೂಲೆ ಕೆರೆ ಫುಟ್‌ಬಾಲ್ ಸ್ಟೇಡಿಯಂ ಆಯಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಸ್ಟೇಡಿಯಂ ಆಯಿತು. ಕೆರೆ ಮುಚ್ಚಿದಲ್ಲೆಲ್ಲ ಆಟದ ಮೈದಾನ ಮಾಡಿದ್ದಾರಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬಹುದೇನೋ. ಆದರೆ ನೀರಿಗೆ ಈ ವಿಷಯ ಗೊತ್ತಿಲ್ಲ; ಮಳೆ ಬಂದಾಗ ಅದು ಹಳೇ ವಿಳಾಸಕ್ಕೇ ಬರುತ್ತದೆ. ಸಂಪಂಗಿ ಕೆರೆಯ ಒಂದು ಪುಟ್ಟ ಹೊಂಡ ಮಾತ್ರ ಉಳಿದಿದೆ, ಕರಗದ ಶಾಸ್ತ್ರಕ್ಕಾಗಿ.

ಮಾರ್ಕೆಟ್ ದಾಟಿದ ಮೇಲೆ ರೈಲು ಸುರಂಗದಿಂದ ಮೇಲೆ ಬರುತ್ತದೆ. ಕತ್ತಲು ಹೋಗಿ ಬೆಳಕು ಬರುವ ಈ ಜಾಗವೇ ಊರಿನ ಚರಿತ್ರೆಯಲ್ಲೂ ಒಂದು ಗೆರೆ. ಇಲ್ಲಿಂದಾಚೆಗೆ ಪೇಟೆ ಮುಗಿದು 'ಎಕ್ಸ್‌ಟೆನ್ಷನ್' ಶುರು. 1892ರಲ್ಲಿ ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆ ಹುಟ್ಟಿತ್ತು. ಸಮಾನಾಂತರ ಐದು ಮುಖ್ಯರಸ್ತೆ, ಅಡ್ಡರಸ್ತೆಗಳು, ಚೌಕ ಚೌಕ ಸೈಟು. ಆದರೆ ಜನ ಪೇಟೆ ಬಿಟ್ಟು ಹೋಗುವ ಹಾಗೆ ಮಾಡಿದ್ದು ಪ್ಲೇಗು. 1898ರಲ್ಲಿ ಪ್ಲೇಗ್ ಬಂದಾಗ ಸಾವಿರಾರು ಜನ ಸತ್ತರು. ಇಲಿ ಓಡಾಡುವ ಇಕ್ಕಟ್ಟು ಮನೆಗಳೇ ಶತ್ರುವಾದವು. ಊರಲ್ಲಿ ಈಗಲೂ ಪ್ಲೇಗಮ್ಮನ ಗುಡಿಗಳಿವೆ. ಆ ಭಯದಲ್ಲೇ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ದಂಡಿನ ಕಡೆ 1910ರಲ್ಲಿ ಫ್ರೇಸರ್ ಟೌನ್.

ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ಬಸವನಗುಡಿಯಲ್ಲಿ ನಡೆದು ನೋಡಿ. ಅಗಲ ರಸ್ತೆ, ಮನೆಗೂ ರಸ್ತೆಗೂ ನಡುವೆ ಅಂಗಳ, ಮನೆಯ ಹಿಂದೆ ಒಂದು ಸಣ್ಣ ಓಣಿ. ಇದು ಅಂದಕ್ಕಾಗಿ ಮಾಡಿದ್ದಲ್ಲ. ಗಾಳಿ, ಬಿಸಿಲು ಬಂದರೆ ರೋಗ ಬರಲ್ಲ ಅನ್ನುವುದು ಆ ಕಾಲದ ಸಾರ್ವಜನಿಕ ಆರೋಗ್ಯದ ಲೆಕ್ಕ. ರಸ್ತೆಯ ಅಗಲ ಅಂದರೆ ಔಷಧದ ಡೋಸ್ ಇದ್ದ ಹಾಗೆ. ಹಿಂದಿನ ಓಣಿಗೆ ಕನ್ಸರ್ವೆನ್ಸಿ ಲೇನ್ ಅಂತಾರೆ. ಪಾಯಿಖಾನೆಯ ಮಲ ಹೊರುವ ಪೌರಕಾರ್ಮಿಕರು ಮನೆಯವರ ಕಣ್ಣಿಗೆ ಬೀಳದೆ ಬಂದುಹೋಗಲಿ ಅಂತ ಮಾಡಿದ ದಾರಿ ಅದು. ನಿವೇಶನಗಳನ್ನು ಜಾತಿವಾರು ಹಂಚಿದ್ದೂ ಉಂಟು. 'ಹಳೇ ಬೆಂಗಳೂರು ಎಷ್ಟು ಚಂದ ಇತ್ತು' ಅನ್ನುವಾಗ ಆ ಓಣಿಯನ್ನೂ ನೆನಪಿಟ್ಟುಕೊಳ್ಳಬೇಕು. ಪ್ಲಾನಿಂಗ್ ಚೆನ್ನಾಗಿದ್ದರೆ ಮನಸ್ಸೂ ಚೆನ್ನಾಗಿತ್ತು ಅಂತ ಅರ್ಥ ಅಲ್ಲ.

ಆದರೂ ಒಂದು ಮಾತು ಒಪ್ಪಲೇಬೇಕು. ಇಲ್ಲಿ ಮೊದಲು ಗೆರೆ ಎಳೆದರು, ಆಮೇಲೆ ಮನೆ ಕಟ್ಟಿದರು. ನಕ್ಷೆಯಲ್ಲಿ ಬಿಟ್ಟ ಖಾಲಿ ಜಾಗ ಖಾಲಿಯಾಗಿಯೇ ಕಾದಿತ್ತು. ಎಷ್ಟೋ ಕಡೆ ಪಾರ್ಕು ಹುಟ್ಟಿದ್ದು ದಶಕಗಳಾದ ಮೇಲೆ. ಗಿಡ ಇವತ್ತು ನೆಡದಿದ್ದರೂ ನಾಳೆ ನೆಡಬಹುದು, ಜಾಗವನ್ನು ಹಾಗೆ ನಾಳೆ ತರಲಾಗುವುದಿಲ್ಲ.

ಮುಂದಿನ ಸ್ಟೇಷನ್ ಲಾಲ್‌ಬಾಗ್, ಎಡಗಡೆಯ ಕಿಟಕಿಯಲ್ಲಿ. 1760ರಲ್ಲಿ ಹೈದರಾಲಿ ಶುರು ಮಾಡಿದಾಗ ಸುಮಾರು 40 ಎಕರೆ, ಈಗ 240. ಅಂದರೆ ತೋಟವೂ ಊರಿನ ಜೊತೆ ಬೆಳೆದಿದೆ. ಹಾಗೆ ನೋಡಿದರೆ ಕಳೆದ ಶತಮಾನದ ಬೆಂಗಳೂರಿನಲ್ಲಿ ದೊಡ್ಡದಾಗುತ್ತಾ ಹೋದ ತೋಟ ಅಪರೂಪ. ಜಾನ್ ಕ್ಯಾಮರಾನ್ ಕಾಲದಲ್ಲಿ ಗಾಜಿನ ಮನೆ ಬಂತು. 1908ರಿಂದ 1932ರವರೆಗೆ ಜಿ.ಎಚ್. ಕ್ರುಂಬಿಗಲ್, ಆಮೇಲೆ ಎಚ್.ಸಿ. ಜವರಾಯ, ಮುಂದೆ ಎಂ.ಎಚ್. ಮರಿಗೌಡ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡದ ಮೂಲಕ ಇಲ್ಲಿಗೆ ಬಂದ ಕ್ರುಂಬಿಗಲ್ ತೋಟದ ಗೋಡೆಯಾಚೆಗೂ ಯೋಚಿಸಿದವರು. ಒಂದು ಮರ ಹೂ ಬಿಟ್ಟು ಮುಗಿಸುವಷ್ಟರಲ್ಲಿ ಇನ್ನೊಂದು ಜಾತಿಯದು ಶುರುವಾಗಬೇಕು, ವರ್ಷ ಪೂರ್ತಿ ಊರಿನ ಯಾವುದೋ ಬೀದಿ ಹೂವಾಗಿರಬೇಕು ಅನ್ನುವ ಲೆಕ್ಕ ಅವರದು. ವರ್ಷದ ಆರಂಭದಲ್ಲಿ ಟಬೂಬಿಯಾ, ಬೇಸಿಗೆ ಹತ್ತಿರವಾದಂತೆ ಜಕರಂಡ, ಏಪ್ರಿಲ್-ಮೇನಲ್ಲಿ ಗುಲ್‌ಮೊಹರ್. ಇಂಟರ್ನಲ್ಸ್ ವೇಳಾಪಟ್ಟಿ ಹಾಕುವವರು ಕಲಿಯಬೇಕಾದ ಶೆಡ್ಯೂಲಿಂಗ್ ಇದು. ಈಗ ನಾವು ರೀಲ್ಸ್ ಮಾಡುವ ಗುಲಾಬಿ ಬೀದಿಗಳ ಹಿಂದೆ ಈ ಯೋಚನೆ ಇದೆ. 1980ರ ದಶಕದಲ್ಲಿ ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳ ಅವರು ರಸ್ತೆ ಬದಿಗಳಲ್ಲಿ 15 ಲಕ್ಷ ಗಿಡ ನೆಡಿಸಿದರು ಅನ್ನುತ್ತಾರೆ. ಇವತ್ತು ನಮಗೆ ನೆರಳು ಕೊಡುವ ಎಷ್ಟೋ ಮರಗಳು ಆಗಿನವು.

ಲಾಲ್‌ಬಾಗ್ ಆದ ಮೇಲೆ ಸೌತ್ ಎಂಡ್ ಸರ್ಕಲ್. ಹೆಸರು ನೋಡಿ, ಒಂದು ಕಾಲಕ್ಕೆ ಊರಿನ ದಕ್ಷಿಣದ ಕೊನೆ ಇದೇ! ಈಗ ಇಲ್ಲಿಂದ ಮುಂದೆ ಹತ್ತು ಸ್ಟೇಷನ್ನುಗಳಿವೆ.

ಜಯನಗರದ ಕಥೆ ನಮ್ಮ ಪ್ರಶ್ನೆಯ ತಿರುಳು. 1945ರಲ್ಲಿ ಬೆಂಗಳೂರಿಗೆ ಸಿಐಟಿಬಿ ಬಂತು, ಬಡಾವಣೆ ಮಾಡುವುದೇ ಅದರ ಕೆಲಸ. 1948ರ ಆಗಸ್ಟ್‌ನಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರಿ ಜಯನಗರಕ್ಕೆ ಅಡಿಗಲ್ಲು ಹಾಕಿದರು, ಅಶೋಕ ಪಿಲ್ಲರ್ ಅದರ ಗುರುತು. ಮರುವರ್ಷ, 1949ರಲ್ಲಿ, ಪೇಟೆಯ ಬೆಂಗಳೂರೂ ದಂಡಿನ ಬೆಂಗಳೂರೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಒಂದರ ಹಿಂದೊಂದು ಬಂದು ಜನ ತುಂಬಿಕೊಂಡರು. ಜಯನಗರವನ್ನು ಬ್ಲಾಕು ಬ್ಲಾಕಾಗಿ ಬಿಡಿಸಿದರು. ಪ್ರತಿ ಬ್ಲಾಕಿಗೆ ಸ್ಕೂಲಿಗೆ ಇಷ್ಟು, ಅಂಗಡಿಗೆ ಇಷ್ಟು, ಪಾರ್ಕಿಗೆ ಇಷ್ಟು ಅಂತ ಮೊದಲೇ ತೆಗೆದಿಟ್ಟು, ಉಳಿದದ್ದನ್ನು ಸೈಟು ಮಾಡಿದರು.

1976ರಲ್ಲಿ ಸಿಐಟಿಬಿ ಹೋಗಿ ಬಿಡಿಎ ಬಂತು. ಬಡಾವಣೆಯ ಒಟ್ಟು ಜಾಗದಲ್ಲಿ ಶೇ. 15ಕ್ಕೆ ಕಡಿಮೆ ಇಲ್ಲದಷ್ಟು ಪಾರ್ಕು-ಆಟದ ಮೈದಾನಕ್ಕೆ, ಇನ್ನೊಂದು ಶೇ. 10 ನಾಗರಿಕ ಸೌಲಭ್ಯಕ್ಕೆ ಇರಬೇಕು ಎಂದು ಬಿಡಿಎ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಈ ಶೇ. 15 ಅಂದರೆ ಎಷ್ಟು ದುಡ್ಡು ಅಂತ ನಾವು ಕ್ಯಾಲ್ಕುಲೇಟರ್ ಹಿಡಿದೆವು. ಒಂದು ಎಕರೆ ಅಂದರೆ 43,560 ಚದರಡಿ. ರಸ್ತೆ, ಚರಂಡಿಗೆ ಕಾಲು ಭಾಗ ಅಂತ ಹಿಡಿಯೋಣ, 10,890. ಪಾರ್ಕಿಗೆ ಶೇ. 15, ಅಂದರೆ 6,534. ಸೌಲಭ್ಯಕ್ಕೆ ಶೇ. 10, ಅಂದರೆ 4,356. ಉಳಿದದ್ದು 21,780 ಚದರಡಿ. 30-40ರ ಸೈಟು, ಅಂದರೆ 1,200 ಚದರಡಿಯದು, 18 ಬರುತ್ತದೆ. ಈಗ ಪಾರ್ಕೂ ಬೇಡ, ಸೌಲಭ್ಯವೂ ಬೇಡ ಅನ್ನಿ. ಅದೇ ಒಂದು ಎಕರೆಯಲ್ಲಿ 27 ಸೈಟು! ಒಂಬತ್ತು ಸೈಟು ಹೆಚ್ಚು. ನಮ್ಮ ಏರಿಯಾದಲ್ಲಿ ಒಂದು ಸೈಟಿನ ಬೆಲೆ ಎಷ್ಟು ಅಂತ ಪಿಜಿ ಓನರ್ ಅಂಕಲ್‌ನ ಕೇಳಿ ಒಂಬತ್ತರಿಂದ ಗುಣಿಸಿದೆವು. ಆ ಸಂಖ್ಯೆ ನೋಡಿದ ಮೇಲೆ ಪಾರ್ಕು ಯಾಕಿಲ್ಲ ಅಂತ ಮತ್ತೆ ಯಾರೂ ಕೇಳಲಿಲ್ಲ.

ಇಷ್ಟು ಆಸೆ ಹುಟ್ಟಿಸುವ ಜಾಗ ಕಾಯ್ದೆ ಇದ್ದ ಮಾತ್ರಕ್ಕೆ ಉಳಿಯುವುದಿಲ್ಲ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 'ಆಸ್ಪತ್ರೆಯೂ ಜನರಿಗೇ ಅಲ್ಲವಾ' ಅನ್ನುವ ವಾದ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. 1991ರಲ್ಲಿ ತೀರ್ಪು ಬಂತು: ಪಾರ್ಕಿಗೆ ತೆಗೆದಿಟ್ಟ ಜಾಗ ಪಾರ್ಕಿಗೇ, ಅದನ್ನು ಕೇಳುವ ಹಕ್ಕು ಆ ಬಡಾವಣೆಯ ನಿವಾಸಿಗಳಿಗೆ ಇದೆ. 'ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ' ಅಂತ ದೇಶದ ಎಲ್ಲ ಕೋರ್ಟುಗಳಲ್ಲೂ ಈಗಲೂ ಅದನ್ನು ಉದಾಹರಿಸುತ್ತಾರೆ. 2009ರಲ್ಲಿ ನಾವು ಕೂತು ಬಂದ ಇದೇ ಮೆಟ್ರೊಗಾಗಿ ಜಯನಗರದ ನಂದಾ ರಸ್ತೆಯ ಬದಿಯ ಮರಗಳಿಗೆ ಕೊಡಲಿ ಬಿದ್ದಾಗಲೂ ಜನ ಬೀದಿಗಿಳಿದಿದ್ದರು. ಆ ಸಲ ಮೆಟ್ರೊ ಗೆದ್ದಿತು. ಟೇಪು ಕಂಡು ಓಡಿಬಂದ ಅಂಕಲ್ ನೆನಪಾಗಿ, ಅವರನ್ನು ನೋಡಿ ನಕ್ಕಿದ್ದಕ್ಕೆ ಸ್ವಲ್ಪ ನಾಚಿಕೆಯಾಯಿತು.

ಬನಶಂಕರಿ, ಜೆ.ಪಿ. ನಗರದವರೆಗೂ ಕಿಟಕಿಯಲ್ಲಿ ಮರದ ತಲೆಗಳು ಕಾಣುತ್ತವೆ. ಯಲಚೇನಹಳ್ಳಿ ದಾಟುತ್ತಿದ್ದಂತೆ ಮರದ ಬದಲು ಸಿಂಟೆಕ್ಸ್ ಟ್ಯಾಂಕುಗಳು. ಸ್ಟೇಷನ್ನಿನ ಹೆಸರುಗಳೂ ಬದಲಾಗುತ್ತವೆ, ಗಮನಿಸಿದ್ದೀರಾ? ಅಲ್ಲಿವರೆಗೆ 'ನಗರ'. ಆಮೇಲೆ ಕೋಣನಕುಂಟೆ, ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ. ಕುಂಟೆ ಅಂದರೆ ಸಣ್ಣ ಕೆರೆ. ಸಂದ್ರ ಅನ್ನುವುದು 'ಸಮುದ್ರ' ಸವೆದು ಆದದ್ದು. ದೊಡ್ಡ ಕೆರೆಗೆ ಸಮುದ್ರ ಅನ್ನುವುದು ನಮ್ಮ ಕಡೆ ವಾಡಿಕೆ. ಇಲ್ಲಿ ಊರುಗಳು ಹೊಸದಾಗಿ ಹುಟ್ಟಿದ್ದಲ್ಲ, ಇದ್ದ ಹಳ್ಳಿಗಳ ಮೇಲೆ ಬೆಂಗಳೂರು ಹರಿದು ಬಂದದ್ದು. 2007ರಲ್ಲಿ ಬಿಬಿಎಂಪಿ ಆದಾಗ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಒಮ್ಮೆಗೇ ಊರೊಳಗೆ ಬಂದವು. ಅಷ್ಟರಲ್ಲಿ ಎಷ್ಟೋ ಕಡೆ ಹೊಲಗಳು ರೆವಿನ್ಯೂ ಸೈಟುಗಳಾಗಿ ಹೋಗಿದ್ದವು. ರಾಗಿ ಹೊಲದ ಬದುವೇ ರಸ್ತೆ. ಹೊಲ ಡೊಂಕಿದ್ದರೆ ರಸ್ತೆಯೂ ಡೊಂಕು. ಮನೆ ಕಟ್ಟಿದ ಮೇಲೆ ಚರಂಡಿ, ಚರಂಡಿಯಾದ ಮೇಲೆ ಬಿ-ಖಾತಾ, ಕೊನೆಗೆ ಯಾವಾಗಲೋ ನಕ್ಷೆ. ಬಸವನಗುಡಿಯ ಕ್ರಮ ಇಲ್ಲಿ ತಲೆಕೆಳಗು. ಸೈಟು ತಗೊಂಡವರನ್ನು ಬೈಯುವುದಕ್ಕೂ ಆಗುವುದಿಲ್ಲ. ಬಿಡಿಎ ಸೈಟಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದು ಸಿಗದವರೇ ಇಲ್ಲಿಗೆ ಬಂದಿರುವುದು.

ಇಷ್ಟು ಬರೆದು ಲೇಖನ ಮುಗಿಸುವವರಿದ್ದೆವು. ನಮ್ಮ ಕ್ಲಬ್ಬಿನ ಒಬ್ಬ ಇದೇ ಕಡೆಯ ಹಳ್ಳಿಯವನು, ಈಗ ಅದು ವಾರ್ಡು. ಅವನ ಮನೆಗೆ ಊಟಕ್ಕೆ ಹೋದಾಗ "ಅಜ್ಜಿ, ನಿಮ್ಮ ಕಾಲದಲ್ಲಿ ಇಲ್ಲಿ ಪಾರ್ಕ್ ಇತ್ತಾ?" ಅಂತ ಸುಮ್ಮನೆ ಕೇಳಿದೆವು. ಅಜ್ಜಿ ಮುದ್ದೆ ತಿರುವುತ್ತಾ, "ಪಾರ್ಕ್ ಯಾಕ್ ಮಗ ಬೇಕಿತ್ತು? ತೋಪಿತ್ತಲ್ಲ" ಅಂದರು. "ಹುಣ್ಸೆ ಮರ, ಮಾವಿನ್ ಮರ. ಮಧ್ಯಾಹ್ನ ದನ ಎಲ್ಲಾ ಅಲ್ಲೇ ಮಲಗ್ತಿದ್ವು. ಮದ್ವೆ ದಿಬ್ಬಣ ಬಂದ್ರೂ ಅಲ್ಲೇ ಇಳ್ಕೊಳ್ಳೋದು. ಹುಣ್ಸೆ ಹಣ್ಣು ಹರಾಜ್ ಹಾಕಿ ಊರಬ್ಬಕ್ಕೆ ದುಡ್ ಮಾಡೋರು. ಈಗ ನೋಡು, ನಾನ್ ಕೂತ್ಕೋಳಕ್ಕೂ ಅಂಗಡಿ ಮೆಟ್ಲೇ ಗತಿ."

ನಮ್ಮ ಲೆಕ್ಕದಲ್ಲಿ ಇದು ಬಂದೇ ಇರಲಿಲ್ಲ. ಹಳ್ಳಿಗೆ ಪಾರ್ಕಿಲ್ಲ ಅಂತ ನಾವು ಅಂದುಕೊಂಡಿದ್ದೆವು. ಆದರೆ ಗುಂಡುತೋಪು, ಗೋಮಾಳ, ಕೆರೆ, ಕೆರೆಯಂಗಳ, ರಾಜಕಾಲುವೆಯ ಬದಿ ಎಲ್ಲವೂ ಊರವರೆಲ್ಲರ ಜಾಗವಾಗಿತ್ತು. ಅಂದರೆ ಪಾರ್ಕಿನ ಜಾಗ ಇಲ್ಲಿ ಮೊದಲೇ ಇತ್ತು. ನಗರ ಬಂದಾಗ ಅದನ್ನು ಪಾರ್ಕು ಅಂತ ಗುರುತಿಸಲಿಲ್ಲ, 'ಖಾಲಿ ಸರ್ಕಾರಿ ಜಾಗ' ಅಂತ ಗುರುತಿಸಿತು. ಪೇಟೆಯ ಕೆರೆಗಳಿಗೆ ಆದದ್ದೇ ಇಲ್ಲಿ ತೋಪುಗಳಿಗೆ ಆಯಿತು. ಪಕ್ಕದ ತುರಹಳ್ಳಿ ಕಾಡಿನ ಉದಾಹರಣೆ ತಗೊಳ್ಳಿ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುವ ಮಾತು ಬಂದಾಗ ಸುತ್ತಲಿನವರೇ ಬೇಡ ಅಂದರು. ಕಾಡು ಕಾಡಾಗಿಯೇ ಇರಲಿ, ಅದಕ್ಕೆ ಕಲ್ಲುಬೆಂಚು, ಗೇಟು ಬೇಡ ಅಂತ.

ಇಂಥ ಜಾಗ ನಿಮ್ಮ ಏರಿಯಾದಲ್ಲಿ ಎಲ್ಲಿತ್ತು ಅಂತ ಹುಡುಕುವುದು ಕಷ್ಟವಲ್ಲ. ಸರ್ಕಾರದ 'ದಿಶಾಂಕ್' ಆ್ಯಪ್ ಹಾಕಿಕೊಳ್ಳಿ. ನೀವು ನಿಂತ ಜಾಗದ ಸರ್ವೆ ನಂಬರ್ ಅದು ತೋರಿಸುತ್ತದೆ, ಹಳೇ ಗ್ರಾಮ ನಕ್ಷೆಯ ಗೆರೆಗಳೂ ಕಾಣುತ್ತವೆ. ಆ ಸರ್ವೆ ನಂಬರಿನ ಪಹಣಿ ತೆಗೆದು ಖರಾಬು ಕಲಂ ನೋಡಿ. ಅದರಲ್ಲಿ 'ಅ' ಖರಾಬು ಅಂದರೆ ಬಂಡೆ ಥರದ, ಬೇಸಾಯಕ್ಕೆ ಆಗದ ನೆಲ. 'ಬ' ಖರಾಬು ಅಂದರೆ ಕೆರೆ, ಹಳ್ಳ, ದಾರಿ, ತೋಪು, ಅಂದರೆ ಸಾರ್ವಜನಿಕರದು. ಸಿವಿಲ್‌ನವರೇ ಆಗಬೇಕಾಗಿಲ್ಲ, ನಮ್ಮ ಗುಂಪಿನಲ್ಲಿ ಇದನ್ನು ಮೊದಲು ಕಲಿತದ್ದು ಇ ಅಂಡ್ ಸಿಯವಳು.

ಅಜ್ಜಿ ಹೇಳಿದ ಗುರುತು ಹಿಡಿದು ನಾವೂ ಹೋದೆವು. ಪಹಣಿಯಲ್ಲಿ ಅದು ಈಗಲೂ ಗುಂಡುತೋಪು, ಎರಡು ಎಕರೆ ಚಿಲ್ಲರೆ. ನೆಲದ ಮೇಲೆ ಒಂದು ಓವರ್‌ಹೆಡ್ ಟ್ಯಾಂಕು, ಹಾಲಿನ ಡೈರಿ, ಅಂಗನವಾಡಿ, ಹತ್ತು ಹನ್ನೆರಡು ಅಂಗಡಿ. ಅಂಗನವಾಡಿಯ ಹಿಂದೆ ಮೂರು ಹುಣಸೆ ಮರ, ಕೆಳಗೆ ಕಟ್ಟಡದ ಕಸದ ರಾಶಿ, ಅದರ ಪಕ್ಕ ಇಟ್ಟಿಗೆ ಜೋಡಿಸಿ ವಿಕೆಟ್ ಮಾಡಿಕೊಂಡ ಹುಡುಗರು. ಆಟ ನಿಲ್ಲಿಸಿ ಟೇಪಿನ ಒಂದು ತುದಿ ಅವರೇ ಹಿಡಿದರು. ಕೊನೆಯ ಮರದಿಂದ ಟ್ಯಾಂಕಿನ ಗೋಡೆಯವರೆಗೆ 30 ಮೀಟರ್ ಟೇಪು ಪೂರ್ತಿ ಬಿಚ್ಚಿತು, ಗೋಡೆಗೆ ಇನ್ನೂ ನಾಲ್ಕು ಮೀಟರ್ ಬಾಕಿ.

ಅಳತೆಗಳನ್ನು ಹಾಕಿ ಒಂದು ನಕ್ಷೆ ಬರೆದಿದ್ದೇವೆ. ಮರಗಳನ್ನು ನಂಬರ್ ಹಾಕಿ ಗುರುತಿಸಿ, ಪಹಣಿಯ ಪ್ರತಿ ಜೊತೆಗಿಟ್ಟು, ಅಜ್ಜಿಯೂ ಸೇರಿ ಅರವತ್ತೆರಡು ಜನರ ಸಹಿ ಮಾಡಿಸಿ ವಾರ್ಡ್ ಆಫೀಸಿಗೆ ಕೊಟ್ಟೆವು. ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬಂದಿದ್ದೇವೆ.